ಹನ್ನೊಂದನೇ ಡಂಪರ್‌ನ ಎಡ ಹಬ್: ಒಂದು ಆಯಿಲ್ ಸ್ಯಾಂಪಲ್ ಪ್ರಕರಣ

ಅದಿರು ಹೊರುವ ದೊಡ್ಡ ಲಾರಿಗಳಾದ ಡಂಪರ್‌ಗಳ ಒಳಗೆ ಸವೆತ ಶುರುವಾಗಿದೆಯಾ ಅಂತ ತಿಳಿಯಲು ಅವುಗಳ ಆಯಿಲ್ ಆಗಾಗ ಸ್ವಲ್ಪ ತೆಗೆದು ಲ್ಯಾಬ್‌ಗೆ ಕಳಿಸುತ್ತೇವೆ. ಆ ಸ್ಯಾಂಪಲ್ ಬಾಟಲಿಯ ಜೊತೆ ಒಂದು ಫಾರ್ಮ್ ಹೋಗುತ್ತದೆ. ಅದರ ಕಾರ್ಬನ್ ಕಾಪಿ ನಮ್ಮ ಫೈಲಿನಲ್ಲಿ ಉಳಿಯುತ್ತದೆ. ಡಂಪರ್ ನಂಬರ್, ಅವರ್ ಮೀಟರ್ ರೀಡಿಂಗ್, ಆಯಿಲ್ ಹಾಕಿ ಎಷ್ಟು ಗಂಟೆಯಾಯಿತು, ಯಾವ ಗ್ರೇಡು, ನಡುವೆ ಎಷ್ಟು ಟಾಪ್-ಅಪ್ ಮಾಡಿದೆವು, ಇಷ್ಟೇ ಅದರಲ್ಲಿರೋದು. ಆ ದಿನದ ಫಾರ್ಮ್‌ನಲ್ಲಿ ಅಂಚಿಗೆ ಇನ್ನೊಂದು ಸಾಲಿತ್ತು: "ಪ್ಲಗ್ ಸಡಿಲ ಮಾಡಿದ ಕೂಡಲೇ ಆಯಿಲ್ ತಾನೇ ಬಂತು." ಬರೆದವನು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ಹೆಲ್ಪರ್ ಹುಡುಗ. ಆ ಸಾಲನ್ನು ಫೋರ್‌ಮನ್ ಓದಲಿಲ್ಲ. ನಾನೂ ಒಂಬತ್ತು ದಿನ ಓದಲಿಲ್ಲ.

ಜಾಗ ಸಂಡೂರಿನ ಗುಡ್ಡದ ಮೇಲಿನ ಒಂದು ಕಬ್ಬಿಣದ ಅದಿರಿನ ಗಣಿ. ನಾನು ಅಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೆ. ಡಂಪರ್ ನೂರು ಟನ್ ಹೊರುವ ಜಾತಿಯದು, ಮೆಕ್ಯಾನಿಕಲ್ ಡ್ರೈವ್. ಇಂಜಿನ್‌ನಿಂದ ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಆಮೇಲೆ ಹಿಂದಿನ ಎರಡು ಹಬ್‌ಗಳಲ್ಲಿ ಕೂತಿರುವ ಪ್ಲಾನೆಟರಿ ಗೇರು: ನಡುವೆ ಒಂದು ಸನ್ ಗೇರ್, ಅದರ ಸುತ್ತ ಪ್ಲಾನೆಟ್ ಗೇರ್‌ಗಳು. ಅದನ್ನು ಫೈನಲ್ ಡ್ರೈವ್ ಅಂತಾರೆ, ನಮ್ಮ ವರ್ಕ್‌ಶಾಪಿನಲ್ಲಿ ಬರೀ ಹಬ್.

ಗುಡ್ಡದ ಗಣಿಗಳಿಗೆ ಒಂದು ವಿಶೇಷ ಇದೆ. ಅದಿರು ಮೇಲೆ, ಕ್ರಷರ್ ಕೆಳಗೆ. ಡಂಪರ್ ಖಾಲಿ ಹತ್ತಿ, ತುಂಬಿಕೊಂಡು ಇಳಿಯುತ್ತದೆ. ಆಳದ ಗುಂಡಿ ಗಣಿಗಳಲ್ಲಿ ಇದು ಉಲ್ಟಾ, ಅಲ್ಲಿ ದುಡಿಯೋದು ಇಂಜಿನ್. ನಮ್ಮಲ್ಲಿ ದುಡಿಯೋದು ಬ್ರೇಕ್. ಇಳಿಜಾರಿನ ಉದ್ದಕ್ಕೂ ಡ್ರೈವರ್ ರಿಟಾರ್ಡರ್, ಅಂದರೆ ವೇಗ ಏರದಂತೆ ತಡೆಯುವ ಬ್ರೇಕಿನ ಲಿವರ್, ಹಿಡಿದೇ ಇರುತ್ತಾನೆ. ಹಿಂದಿನ ಚಕ್ರಗಳ ಒಳಗಿನ ಡಿಸ್ಕ್‌ಗಳು ಆಯಿಲ್‌ನಲ್ಲಿ ಮುಳುಗಿ ತಿರುಗುತ್ತವೆ, ಆ ಆಯಿಲ್ ಬಿಸಿಯನ್ನು ಹೊತ್ತು ಕೂಲರ್‌ಗೆ ಹೋಗಿ ಬರುತ್ತದೆ. ಈ ಬ್ರೇಕ್ ಕೂಲಿಂಗ್ ಆಯಿಲ್ ತೆಳು, ಎಸ್‌ಎಇ 10 ಗ್ರೇಡು; ಈ ಅಂಕಿ ಏರಿದಷ್ಟೂ ಆಯಿಲ್ ಗಟ್ಟಿ. ಪಕ್ಕದಲ್ಲೇ ಹಬ್‌ನ ಗೇರ್ ಆಯಿಲ್ ಗಟ್ಟಿ, ಎಸ್‌ಎಇ 50. ಎರಡರ ನಡುವೆ ಇರೋದು ಒಂದು ಫ್ಲೋಟಿಂಗ್ ಸೀಲ್: ಕನ್ನಡಿಯಂತೆ ನುಣುಪು ಮಾಡಿದ ಎರಡು ಲೋಹದ ಬಳೆಗಳು ಒಂದಕ್ಕೊಂದು ಒತ್ತಿಕೊಂಡು ತಿರುಗುತ್ತವೆ, ಅವನ್ನು ಹಿಂದಿನಿಂದ ಒತ್ತಿ ಹಿಡಿಯೋದು ಎರಡು ದಪ್ಪ ರಬ್ಬರ್ ರಿಂಗುಗಳು.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತಲ್ಲ, ಆಗ ನಮ್ಮ ಡಂಪರ್‌ಗಳೂ ನಿಂತವು. ತಿಂಗಳುಗಟ್ಟಲೆ ಮಳೆ ಬಿಸಿಲಿನಲ್ಲಿ ನಿಂತ ಗಾಡಿಗಳು. ಗಣಿ ಮತ್ತೆ ಶುರುವಾಗುವ ಸುದ್ದಿ ಬಂದಾಗ ಒಂದೊಂದೇ ಹಬ್ ಬಿಚ್ಚಿ ಸೀಲ್ ಬದಲಿಸಿದೆವು. ಹನ್ನೊಂದನೇ ಡಂಪರ್ ಕೊನೆಯಲ್ಲಿ ತಯಾರಾದವುಗಳಲ್ಲಿ ಒಂದು. ಸೀಲ್ ಹೊಸದು ಅಂತ ಹಬ್‌ಗಳ ಸ್ಯಾಂಪಲ್‌ ಅನ್ನೂ ಇಂಜಿನ್ ಜೊತೆಗೇ 250 ಗಂಟೆಗೊಮ್ಮೆ ತೆಗೆಯಲು ಹೇಳಿದ್ದೆ. ಸಾಮಾನ್ಯವಾಗಿ ಹಬ್‌ಗೆ 500 ಗಂಟೆಗೊಮ್ಮೆ ಸಾಕು.

ಎಡ ಹಬ್‌ನ ಮೊದಲ ಮೂರು ರಿಪೋರ್ಟ್‌ಗಳಲ್ಲಿ ಕಬ್ಬಿಣ 24, 41, 60 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಆಯಿಲ್‌ನಲ್ಲಿ ಅಷ್ಟು ಭಾಗ. ಆಯಿಲ್ ಬದಲಿಸಿಲ್ಲ, ಆದ್ದರಿಂದ ಕೂಡುತ್ತಾ ಹೋಗಬೇಕು, ಹೋಗುತ್ತಿತ್ತು. 250 ಗಂಟೆಗೆ ಸುಮಾರು 18. ನಾಲ್ಕನೆಯದರಲ್ಲಿ 214.

ಸಿಲಿಕಾನ್ 17ರಿಂದ 41ಕ್ಕೆ ಏರಿತ್ತು, ಅಲ್ಯೂಮಿನಿಯಂ 6ರಿಂದ 13ಕ್ಕೆ. ಇವೆರಡು ಒಟ್ಟಿಗೆ ಏರಿದರೆ ಮಣ್ಣು ಒಳಗೆ ಹೋಗಿದೆ ಅಂತ ಅರ್ಥ ಮಾಡುವುದು ಎಲ್ಲ ಕಡೆಯ ರೂಢಿ. ಲ್ಯಾಬ್‌ನವರು ಕೆಳಗೆ ಬರೆದಿದ್ದರು: "ಧೂಳು ಸೇರಿರಬಹುದು. ಬ್ರೀದರ್ ನೋಡಿ. ಮುಂದಿನ ಸ್ಯಾಂಪಲ್ ಗಮನಿಸಿ." ಬ್ರೀದರ್ ಅಂದರೆ ಒಳಗಿನ ಗಾಳಿ ಆಡಲು ಇರುವ ತೂತು.

ಫೋರ್‌ಮನ್ ರಿಪೋರ್ಟ್ ನೋಡಿ ತಕ್ಷಣ ಹೇಳಿದರು. "ಇದು ನಮ್ ಧೂಳು ಸಾರ್. ನಾವು ಅಗೆಯೋದೇ ಕಬ್ಬಿಣ. ಧೂಳು ಹೋದ್ರೆ ಕಬ್ಬಿಣ ತೋರಿಸ್ದೆ ಇನ್ನೇನು ತೋರಿಸ್ತದೆ?"

ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬೇರೆ ಗಣಿಗಳಲ್ಲಿ, ಕಲ್ಲಿದ್ದಲೋ ಸುಣ್ಣದ ಕಲ್ಲೋ ಇರುವ ಕಡೆ, ಆಯಿಲ್‌ನಲ್ಲಿ ಕಬ್ಬಿಣ ಏರಿದರೆ ಗೇರು, ಬೇರಿಂಗು ಸವೆಯುತ್ತಿದೆ ಅಂತಲೇ ಓದುತ್ತಾರೆ. ನಮ್ಮಲ್ಲಿ ಹಾಗೆ ಓದಿದರೆ ಮೋಸ ಹೋಗುತ್ತೇವೆ. ಸಂಡೂರಿನ ಅದಿರು ಹೆಮಟೈಟ್. ಶುದ್ಧ ಹೆಮಟೈಟ್‌ನ ತೂಕದಲ್ಲಿ 70 ಭಾಗ ಕಬ್ಬಿಣವೇ. ಗಣಿಯ ಕೆಂಪು ಹುಡಿ ಬಾಟಲಿಗೆ ಬಿದ್ದರೆ ಲ್ಯಾಬ್‌ನ ಯಂತ್ರ ಅದನ್ನೂ ಕಬ್ಬಿಣ ಅಂತಲೇ ಎಣಿಸುತ್ತದೆ. ಅದಕ್ಕೆ ಅದಿರು ಬೇರೆ, ಉಕ್ಕು ಬೇರೆ ಅಂತ ಗೊತ್ತಿಲ್ಲ.

ಮ್ಯಾನೇಜರ್ ಸಾಹೇಬರಿಗೂ ಈ ರಿಪೋರ್ಟ್‌ಗಳ ಮೇಲೆ ನಂಬಿಕೆ ಹೋಗಿತ್ತು. ಅದಕ್ಕೆ ಕಾರಣ ನಾನೇ. ಹಿಂದೊಮ್ಮೆ ಹೊಸ ಇಂಜಿನ್ ಒಂದರಲ್ಲಿ ತಾಮ್ರ ಏಕಾಏಕಿ ನೂರಾರು ಪಿಪಿಎಂ ಬಂತು. ಬೇರಿಂಗ್ ಹೋಯಿತು ಅಂತ ಹೆದರಿ ಇಂಜಿನ್ ಕೆಳಗಿನಿಂದ ಬಿಚ್ಚಿಸಿದೆ. ಬೇರಿಂಗ್‌ಗಳು ಹೊಸದರ ಹಾಗೇ ಹೊಳೆಯುತ್ತಿದ್ದವು. ತಾಮ್ರ ಬಂದಿದ್ದು ಆಯಿಲ್ ಕೂಲರ್‌ನ ಕೊಳವೆಗಳಿಂದ. ಹೊಸ ಕೂಲರ್‌ನಲ್ಲಿ ಹೀಗಾಗುತ್ತದೆ, ಕೆಲವು ಆಯಿಲ್ ಬದಲಾವಣೆ ಆದ ಮೇಲೆ ತಾನೇ ಇಳಿಯುತ್ತದೆ. ಬೇರಿಂಗ್ ಸವೆದಿದ್ದರೆ ತಾಮ್ರದ ಜೊತೆ ಸೀಸ, ತವರ ಕೂಡ ಏರಬೇಕಿತ್ತು. ಏರಿರಲಿಲ್ಲ. ಅದು ನನ್ನ ಕಣ್ಣೆದುರೇ ಇದ್ದರೂ ನಾನು ನೋಡಿರಲಿಲ್ಲ. ಗಾಡಿ ನಾಲ್ಕು ದಿನ ಸುಮ್ನೆ ನಿಂತಿತು.

ಹೀಗಿರುವಾಗ ಮತ್ತೆ ಹೋಗಿ "ಹಬ್ ಬಿಚ್ಚೋಣ" ಅನ್ನಲು ಬಾಯಿ ಬರಲಿಲ್ಲ. ಈ ಸಲ ಪೂರ್ತಿ ರಿಪೋರ್ಟ್ ಓದಬೇಕು ಅಂತ ಆ ರಾತ್ರಿ ಮನೆಗೆ ತಂದೆ. ನಾಲ್ಕೂ ರಿಪೋರ್ಟ್‌ಗಳನ್ನು ನೆಲದ ಮೇಲೆ ಹರಡಿ ಸಾಲು ಸಾಲಾಗಿ ನೋಡಿದೆ. ಆಗ ಕಣ್ಣಿಗೆ ಬಿದ್ದಿದ್ದು ವಿಸ್ಕಾಸಿಟಿ, ಎಣ್ಣೆ ಎಷ್ಟು ಗಟ್ಟಿ ಅನ್ನುವ ಅಳತೆ. 100 ಡಿಗ್ರಿಯಲ್ಲಿ ಅಳೆದ ಅಂಕಿ: 19.0, 18.8, 17.6, 14.6.

ಎಸ್‌ಎಇ 50 ಆಯಿಲ್ 100 ಡಿಗ್ರಿಯಲ್ಲಿ 16.3 ಸೆಂಟಿಸ್ಟೋಕ್‌ಗಿಂತ ಕೆಳಗೆ ಇಳಿಯಬಾರದು. ಇಳಿದರೆ ಅದು 50 ಅಲ್ಲ. ಗೇರ್ ಆಯಿಲ್ ಹಳೆಯದಾದರೆ ಸಾಮಾನ್ಯವಾಗಿ ಗಟ್ಟಿಯಾಗುತ್ತದೆ. ತೆಳುವಾಗಬೇಕಾದರೆ ತೆಳುವಾದ ಇನ್ನೇನೋ ಸೇರಬೇಕು. ಧೂಳು ಸೇರಿ ಎಣ್ಣೆ ಹೀಗೆ ತೆಳುವಾಗುವುದಿಲ್ಲ. ಹಬ್‌ಗೆ ಡೀಸೆಲ್ ಸೇರುವ ದಾರಿಯೂ ಇಲ್ಲ. ಉಳಿದದ್ದು ಪಕ್ಕದ ಮನೆಯ ಬ್ರೇಕ್ ಆಯಿಲ್. ನಮ್ಮ ಎಸ್‌ಎಇ 10ರ ವಿಸ್ಕಾಸಿಟಿ 6ರ ಆಸುಪಾಸು. ಎಷ್ಟು ಬೆರೆತರೆ 19 ಇಳಿದು 14.6 ಆಗುತ್ತದೆ ಅಂತ ಲೆಕ್ಕ ಹಾಕಿದೆ. ಹತ್ತಿರ ಹತ್ತಿರ ಕಾಲು ಭಾಗ.

ಇದು ಬೇರೆ ಅಂಕಿಗಳಲ್ಲಿ ಯಾಕೆ ಕಾಣಲಿಲ್ಲ ಅಂತ ನೀವು ಕೇಳಬಹುದು. ಒಂದು ಆಯಿಲ್‌ಗೆ ಇನ್ನೊಂದು ಸೇರಿದರೆ ಕ್ಯಾಲ್ಸಿಯಂ, ಸತು, ರಂಜಕ ಬದಲಾಗಬೇಕಲ್ವಾ? ನಮ್ಮಲ್ಲಿ ಎರಡೂ ಒಂದೇ ಕುಟುಂಬದ ಆಯಿಲ್. ಅಡಿಟಿವ್, ಅಂದರೆ ಈ ಕ್ಯಾಲ್ಸಿಯಂ, ಸತು ಎಲ್ಲ ಇರುವ ಬೆರಕೆ ರಾಸಾಯನಿಕ, ಒಂದೇ; ಗ್ರೇಡ್ ಮಾತ್ರ ಬೇರೆ. ಸುಳಿವು ಕೊಡುವುದು ವಿಸ್ಕಾಸಿಟಿ ಒಂದೇ. ಆ ಕಾಲಮ್‌ನಲ್ಲಿ ಲ್ಯಾಬ್‌ನವರು ಯಾವ ಗುರುತೂ ಹಾಕಿರಲಿಲ್ಲ. ಯಾಕೆ ಅಂತ ಆಮೇಲೆ ಗೊತ್ತಾಯಿತು: ಆ ಫಾರ್ಮ್‌ನಲ್ಲಿ ಗ್ರೇಡ್ ಬರೆಯುವ ಕಡೆ ನಮ್ಮವರು ಬರೀ "ಗೇರ್ ಆಯಿಲ್" ಅಂತ ಬರೆದಿದ್ದರು. 50 ಅಂತ ಗೊತ್ತಿಲ್ಲದವರಿಗೆ 14.6 ತಪ್ಪು ಅಂತ ಹೇಗೆ ಗೊತ್ತಾಗಬೇಕು?

ಗ್ರೇಡ್ ನೋಡಲು ಕಾರ್ಬನ್ ಕಾಪಿ ತೆಗೆದಾಗಲೇ ನನಗೆ ಆ ಅಂಚಿನ ಸಾಲು ಸಿಕ್ಕಿದ್ದು. ಪ್ಲಗ್ ಸಡಿಲ ಮಾಡಿದ ಕೂಡಲೇ ಆಯಿಲ್ ತಾನೇ ಬಂತು.

ಬೆಳಗ್ಗೆ ಹುಡುಗನನ್ನು ಕರೆದು ಕೇಳಿದೆ. "ಹೌದ್ರಿ ಸಾರ್. ಲೆವೆಲ್ ಪ್ಲಗ್ ಎರಡು ಸುತ್ತು ತಿರುಗಿಸಿದ್ದೆ. ಕೈ ಮೇಲೆಲ್ಲ ಹರೀತು. ಹೋದ ಸಲ ಜಾಸ್ತಿ ತುಂಬಿದಾರೆ ಅಂತ ಅಣ್ಣ ಹೇಳಿದ್ರು. ಆದ್ರೂ ಬರೆದಿಟ್ಟೆ." ಲೆವೆಲ್ ಪ್ಲಗ್ ಇರೋದು ಆಯಿಲ್ ನಿಲ್ಲಬೇಕಾದ ಮಟ್ಟದಲ್ಲಿ; ಅಲ್ಲಿಂದ ಹರಿದರೆ ಒಳಗೆ ಆಯಿಲ್ ಜಾಸ್ತಿ ಇದೆ ಅಂತ. ಆದರೆ ಹೋದ ಸಲ ಯಾರೂ ತುಂಬಿರಲಿಲ್ಲ. ಮೂರು ಸಲವೂ ಟಾಪ್-ಅಪ್ ಸೊನ್ನೆ. ಆಮೇಲೆ ಗಾಡಿಗಳಿಗೆ ಆಯಿಲ್ ತುಂಬುವ ಲ್ಯೂಬ್ ವ್ಯಾನ್‌ನವನ ರಿಜಿಸ್ಟರ್ ತರಿಸಿದೆ. ಹನ್ನೊಂದನೇ ಡಂಪರ್‌ನ ಹೈಡ್ರಾಲಿಕ್ ಟ್ಯಾಂಕಿಗೆ ಎರಡು ವಾರದಿಂದ ದಿನ ಬಿಟ್ಟು ದಿನ ಎರಡು ಲೀಟರ್, ಮೂರು ಲೀಟರ್ ಹೋಗುತ್ತಿತ್ತು. ಬ್ರೇಕ್ ಕೂಲಿಂಗ್ ಆಯಿಲ್ ಬರುವುದು ಆ ಟ್ಯಾಂಕಿನಿಂದಲೇ. ಹೊರಗೆ ಎಲ್ಲೂ ಸೋರಿಕೆ ಇಲ್ಲ. ಒಬ್ಬನ ಪುಸ್ತಕದಲ್ಲಿ ಟ್ಯಾಂಕ್ ಇಳಿಯುತ್ತಿತ್ತು, ಇನ್ನೊಬ್ಬನ ಫಾರ್ಮ್‌ನಲ್ಲಿ ಹಬ್ ತುಂಬುತ್ತಿತ್ತು. ಎರಡೂ ಒಂದೇ ಶೆಡ್ಡಿನಲ್ಲಿದ್ದವು.

ಅಷ್ಟರಲ್ಲಿ ಇನ್ನೊಂದು ವಿಷಯವೂ ಹೊಳೆಯಿತು. ಹಬ್‌ನ ಆಯಿಲ್‌ಗೆ ಕಾಲು ಭಾಗ ಬೇರೆ ಎಣ್ಣೆ ಸೇರಿದೆ ಅಂದರೆ ಅದರಲ್ಲಿದ್ದ ಲೋಹವೂ ತೆಳುವಾಗಿರಬೇಕು. ಅಂಕಿ ಇಳಿಯಬೇಕಿತ್ತು. ಇಳಿಯುವ ಬದಲು ಮೂರೂವರೆ ಪಟ್ಟಾಗಿದೆ.

ಡಂಪರ್ ಎಲ್ಲಿದೆ ಅಂತ ವಿಚಾರಿಸಿದೆ. ಟೈರ್ ಸಿಗದೆ ಒಂದು ವಾರದಿಂದ ಹೆಚ್ಚು ಓಡಿಲ್ಲ, ಸ್ಯಾಂಪಲ್ ತೆಗೆದ ಮೇಲೆ ಬರೀ 40 ಗಂಟೆ. ಟೈರ್ ಇದ್ದಿದ್ದರೆ ಒಂಬತ್ತು ದಿನದಲ್ಲಿ ಸುಲಭವಾಗಿ 140 ಗಂಟೆ ಓಡುತ್ತಿತ್ತು. ಆ ಒಂಬತ್ತರಲ್ಲಿ ಆರು ದಿನ ಬಾಟಲಿ ನಮ್ಮ ಆಫೀಸಿನ ಬೀರುವಿನಲ್ಲೇ ಕೂತಿತ್ತು. "ಡಬ್ಬಿ ತುಂಬಲಿ, ಒಟ್ಟಿಗೆ ಕಳಿಸೋಣ" ಅನ್ನೋದು ನಮ್ಮ ಪದ್ಧತಿ. ಕೊರಿಯರ್ ಖರ್ಚು ಉಳಿಸಲು ನಾನೇ ಮಾಡಿದ ಪದ್ಧತಿ ಅದು.

ಆದರೂ ಫೋರ್‌ಮನ್ ಅವರ ಪ್ರಶ್ನೆ ಹಾಗೇ ಉಳಿದಿತ್ತು. ಸೀಲ್ ಸೋರುತ್ತಿದೆ, ಸರಿ. 214ರಲ್ಲಿ ಗೇರಿನ ಕಬ್ಬಿಣ ಎಷ್ಟು, ಧೂಳಿನದು ಎಷ್ಟು? ಸೀಲ್ ಮಾತ್ರ ಹೋಗಿದ್ದರೆ ಭಾನುವಾರದವರೆಗೆ ಕಾಯಬಹುದು. ಬೇರಿಂಗ್ ಹೋಗುತ್ತಿದ್ದರೆ ಕಾಯುವಂತಿಲ್ಲ.

ಮೊದಲು ಸ್ಯಾಂಪಲ್ ಹೇಗೆ ತೆಗೆದಿದ್ದರು ಅಂತ ನೋಡಿದೆವು. ಮೊದಲ ಮೂರು ಸಲ ಕೈಪಂಪು ಹಾಕಿ ಎಳೆದಿದ್ದರು. ನಾಲ್ಕನೇ ಸಲ ಪಂಪಿನ ಟ್ಯೂಬ್ ಸ್ಟೋರ್‌ನಲ್ಲಿ ಮುಗಿದಿತ್ತು. ಕೆಳಗಿನ ಡ್ರೈನ್ ಪ್ಲಗ್ ಸುತ್ತ ಕಾಟನ್ ವೇಸ್ಟ್‌ನಲ್ಲಿ ಒರೆಸಿ, ನೇರ ಬಾಟಲಿ ಹಿಡಿದಿದ್ದರು. ಪ್ಲಗ್‌ನ ಸುತ್ತ ಒಂದು ಇಂಚು ಕೆಂಪು ಕೆಸರು ಒಣಗಿ ಕೂತಿರುತ್ತದೆ. ಹಬ್‌ನ ತಳದಲ್ಲಿ ಹಳೆಯ ಕೊಳೆಯೂ ಇರುತ್ತದೆ. ಎರಡೂ ಬಾಟಲಿಗೆ ಬಂದಿರುತ್ತವೆ.

ಹಾಗಾಗಿ ಮತ್ತೆ ತೆಗೆದೆವು. ಡಂಪರನ್ನು ಅಂಗಳದಲ್ಲಿ ಅರ್ಧ ಗಂಟೆ ಓಡಿಸಿ ಆಯಿಲ್ ಬಿಸಿ ಮಾಡಿದೆವು, ತಣ್ಣಗಿನ ಎಣ್ಣೆಯಲ್ಲಿ ಲೋಹದ ಹುಡಿ ತಳ ಸೇರಿಬಿಡುತ್ತದೆ. ಡ್ರೈನ್ ಪ್ಲಗ್ ನೇರ ಕೆಳಗೆ ಬರುವ ಹಾಗೆ ಚಕ್ರ ನಿಲ್ಲಿಸಿದೆವು. ಚಕ್ರ ಉರುಳದಂತೆ ಅಡ್ಡ ಚಾಕ್ ಇಟ್ಟು, ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಲೆವೆಲ್ ಪ್ಲಗ್ ಸುತ್ತ ಮೊದಲು ಬ್ರಷ್, ಆಮೇಲೆ ಡೀಸೆಲ್, ಆಮೇಲೆ ಒಣಬಟ್ಟೆ. ನೂಲು ಬಿಡುವ ಕಾಟನ್ ವೇಸ್ಟ್ ಬೇಡ. ಹುಡುಗ ಪ್ಲಗ್ ಸಡಿಲ ಮಾಡಿದ. ಅವನು ಬರೆದ ಹಾಗೇ, ಮೊದಲು ಒಂದು ಹನಿ, ಆಮೇಲೆ ದಾರದಂತೆ, ಆಮೇಲೆ ಬೆರಳು ದಪ್ಪ ಹರಿಯಿತು. ಟ್ರೇ ಹಿಡಿದೆವು. ಹರಿವು ನಿಂತ ಮೇಲೆ ಹೊಸ ಟ್ಯೂಬನ್ನು ಆಯಿಲ್‌ನ ಮಧ್ಯಕ್ಕೆ, ತಳ ಮುಟ್ಟದ ಹಾಗೆ, ಇಳಿಸಿ ಎಳೆದೆವು. ಬಾಟಲಿಯ ಮುಚ್ಚಳ ತೆಗೆದಿದ್ದು ಕೊನೆಯ ಕ್ಷಣಕ್ಕೆ. ಮುಕ್ಕಾಲು ತುಂಬಿಸಿ ಮುಚ್ಚಿದೆವು. ಬಲ ಹಬ್‌ನಿಂದಲೂ ಹೊಸ ಟ್ಯೂಬ್ ಹಾಕಿ ಹೀಗೇ ಒಂದು ತೆಗೆದೆವು. ಅದೇ ಡಂಪರ್, ಅದೇ ರಸ್ತೆ, ಅದೇ ಧೂಳು. ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯದು ಎಲ್ಲಿ ಸಿಗುತ್ತದೆ?

ಎರಡೂ ಬಾಟಲಿ ಅವತ್ತೇ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋದವು. ಈ ಸಲ ಪಿಕ್ಯೂ ಅಂತ ಇನ್ನೊಂದು ಪರೀಕ್ಷೆಯನ್ನೂ ಕೇಳಿದೆ. ಪಿಪಿಎಂ ಎಣಿಸುವ ಲ್ಯಾಬ್‌ನ ಯಂತ್ರ, ಸ್ಪೆಕ್ಟ್ರೋಮೀಟರ್‌ಗೆ, ಐದಾರು ಮೈಕ್ರಾನ್‌ಗಿಂತ ದೊಡ್ಡ ಕಣಗಳು ಸರಿಯಾಗಿ ಕಾಣುವುದಿಲ್ಲ. ಬೇರಿಂಗ್ ಚಕ್ಕೆ ಕೀಳುವಾಗ ಬರುವುದೇ ದೊಡ್ಡ ಕಣ. ಪಿಕ್ಯೂ ನೋಡುವುದು ಅಯಸ್ಕಾಂತಕ್ಕೆ ಸಿಗುವ ಕಬ್ಬಿಣವನ್ನು ಮಾತ್ರ, ಚಿಕ್ಕದೋ ದೊಡ್ಡದೋ ಎಲ್ಲವನ್ನೂ. ನಮ್ಮ ಗಣಿಗೆ ಇದರಲ್ಲಿ ಇನ್ನೊಂದು ಲಾಭ ಇದೆ: ಹೆಮಟೈಟ್ ಅಯಸ್ಕಾಂತಕ್ಕೆ ಅಂಟುವುದೇ ಇಲ್ಲ ಅನ್ನುವಷ್ಟು ಕಡಿಮೆ. ಉಕ್ಕು ಅಂಟುತ್ತದೆ.

ರಿಪೋರ್ಟ್ ಬರುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಅದಿರು ಪರೀಕ್ಷೆ ಮಾಡುವ ನಮ್ಮ ಲ್ಯಾಬ್‌ನಿಂದ ಎರಡು ಫಿಲ್ಟರ್ ಪೇಪರ್ ತಂದೆ. ಟ್ರೇಯಲ್ಲಿ ಬಿದ್ದ ಆಯಿಲ್‌ಗೆ ಸೀಮೆಎಣ್ಣೆ ಬೆರೆಸಿ ತೆಳು ಮಾಡಿ ಸೋಸಿದೆವು. ಸೀಮೆಎಣ್ಣೆಯಲ್ಲೇ ಮತ್ತೆ ತೊಳೆದು ಪೇಪರನ್ನು ಬಿಸಿಲಿಗೆ ಇಟ್ಟೆವು. ಒಣಗಿದಾಗ ಮೇಲೆಲ್ಲ ತಿಳಿ ಕೆಂಪು ಬಣ್ಣ, ಕುಂಕುಮದ ಕೈ ಒರೆಸಿದ ಹಾಗೆ. "ನೋಡಿ ಸಾರ್, ಧೂಳು" ಅಂದರು ಫೋರ್‌ಮನ್. ಹಳೆ ಸ್ಪೀಕರ್‌ನಿಂದ ಕಿತ್ತ ಅಯಸ್ಕಾಂತವನ್ನು ಪೇಪರಿನ ಕೆಳಗೆ ಹಿಡಿದೆ. ಕೆಂಪು ಅಲುಗಾಡಲಿಲ್ಲ. ಅದರ ನಡುವಿನಿಂದ ಬೆಳ್ಳಗಿನ ಮಿಂಚು ಎದ್ದು ನಿಂತಿತು. ಅಯಸ್ಕಾಂತ ಸರಿಸಿದ ಕಡೆಗೆ ಅದೂ ವಾಲಿತು. ಕೆಲವು ಕಣಗಳು ಬರಿಗಣ್ಣಿಗೇ ಚಪ್ಪಟೆಯಾಗಿ ಕಂಡವು. ಫೋರ್‌ಮನ್ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಜ್ಯಾಕ್ ತರ್ಸ್ತೀನಿ" ಅಂದರು.

ಮ್ಯಾನೇಜರ್ ಹತ್ತಿರ ಆ ಪೇಪರನ್ನೇ ತೆಗೆದುಕೊಂಡು ಹೋದೆ. ಅವರು ಕೇಳಿದ್ದು ಒಂದೇ, "ಇನ್ನೂ ಎಷ್ಟು ದಿನ ಓಡತ್ತೆ?" ಗೊತ್ತಿಲ್ಲ ಅಂದೆ. ಆಯಿಲ್ ಪರೀಕ್ಷೆ ಅದನ್ನು ಹೇಳುವುದಿಲ್ಲ. ಸವೆತ ಶುರುವಾಗಿದೆ ಅನ್ನುತ್ತದೆ, ಯಾವ ದಿನ ಮುರಿಯುತ್ತದೆ ಅನ್ನುವುದಿಲ್ಲ. ನಾನು ಹೇಳಿದ್ದು ಇಷ್ಟು: ಹೋಗಿರುವ ಸೀಲ್ ಬ್ರೇಕ್‌ನ ಪಕ್ಕದಲ್ಲಿದೆ, ಈ ಗಾಡಿ ನೂರು ಟನ್ ಹೊತ್ತುಕೊಂಡು ಇಳಿಯುತ್ತದೆ. ಅವರು ಡಂಪರ್ ನಿಲ್ಲಿಸಿ ಅಂತ ಬರೆದುಕೊಟ್ಟರು.

ಮರುದಿನ ಸಂಜೆ ಅಂಕಿಗಳು ಬಂದವು. ಎಡ ಹಬ್: ಕಬ್ಬಿಣ 176, ಸಿಲಿಕಾನ್ 19, ವಿಸ್ಕಾಸಿಟಿ 14.1, ಪಿಕ್ಯೂ 140. ಬಲ ಹಬ್: ಕಬ್ಬಿಣ 66, ಸಿಲಿಕಾನ್ 18, ವಿಸ್ಕಾಸಿಟಿ 18.6, ಪಿಕ್ಯೂ 22. ಶುಚಿಯಾಗಿ ತೆಗೆದಾಗ ಸಿಲಿಕಾನ್ ಅರ್ಧಕ್ಕಿಂತ ಕೆಳಗಿಳಿಯಿತು, ಕಬ್ಬಿಣವೂ ನಲವತ್ತರಷ್ಟು ಇಳಿಯಿತು. ಅಂದರೆ ಫೋರ್‌ಮನ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆ ಬಾಟಲಿಯಲ್ಲಿ ಧೂಳು ನಿಜವಾಗಿಯೂ ಇತ್ತು. ಅದರ ಹಿಂದೆ ಉಕ್ಕೂ ಇತ್ತು. ಬೆರೆತ ಎಣ್ಣೆಯ ಲೆಕ್ಕ ತೆಗೆದರೆ ಕಬ್ಬಿಣ 240ರ ಹತ್ತಿರ ಹೋಗುತ್ತದೆ.

ಬಿಚ್ಚುವ ಕೆಲಸಕ್ಕೆ ಮೂರು ದಿನ ಹಿಡಿಯಿತು. ಹಿಂದಿನ ಎರಡು ಟೈರ್ ಇಳಿಸಿ, ಹಬ್‌ನ ಕವರ್ ತೆಗೆದು, ಪ್ಲಾನೆಟ್ ಕ್ಯಾರಿಯರನ್ನು ಕ್ರೇನ್‌ನಿಂದ ಹೊರಗೆಳೆದೆವು. ಸನ್ ಗೇರ್ ಚೆನ್ನಾಗಿತ್ತು. ಮೂರು ಪ್ಲಾನೆಟ್ ಗೇರ್‌ಗಳಲ್ಲಿ ಒಂದರ ಬೇರಿಂಗ್ ಕೈಯಲ್ಲಿ ತಿರುಗಿಸಿದಾಗ ಗರಗರ ಅಂತು. ರೋಲರ್‌ಗಳ ಮೇಲೆ ಉಗುರಿಗೆ ಸಿಗುವಂಥ ಗುಳಿಗಳು. ತೆಳುವಾದ ಎಣ್ಣೆ ರೋಲರ್‌ಗೂ ಅದು ಉರುಳುವ ಬಳೆಗೂ ನಡುವೆ ನಿಲ್ಲಲಾರದೆ ಲೋಹಕ್ಕೆ ಲೋಹ ತಾಗಿತ್ತು. ಇನ್ನೂ ಓಡಿಸಿದ್ದರೆ ಚಕ್ಕೆಗಳು ಉಳಿದ ಗೇರ್‌ಗಳ ಹಲ್ಲಿನ ನಡುವೆ ಸಿಕ್ಕಿ ಇಡೀ ಹಬ್ ಹೋಗುತ್ತಿತ್ತು.

ಸೀಲ್ ನೋಡಿದಾಗ ನನಗೆ ನಿಜವಾಗಿಯೂ ಹೊಟ್ಟೆ ತೊಳಸಿದಂತಾಯಿತು. ಅದು ಹಳೆಯದಾಗಿ ಹೋದದ್ದಲ್ಲ. ರಬ್ಬರ್ ರಿಂಗ್ ಒಂದು ಕಡೆ ಹುರಿಹಗ್ಗದಂತೆ ತಿರುಚಿಕೊಂಡಿತ್ತು, ಅಲ್ಲಿ ಲೋಹದ ಬಳೆ ಓರೆಯಾಗಿ ಕೂತು ಒಂದೇ ಪಕ್ಕ ಸವೆದಿತ್ತು. ಹಾಕುವಾಗಲೇ ಆದ ತಪ್ಪು. ಈ ಸೀಲ್ ಹಾಕುವಾಗ ರಬ್ಬರ್ ರಿಂಗೂ ಅದು ಕೂರುವ ಜಾಗವೂ ಪೂರ್ತಿ ಒಣಗಿರಬೇಕು, ಒಂದು ಹನಿ ಎಣ್ಣೆ ಇರಬಾರದು. ಎಣ್ಣೆಯಿದ್ದರೆ ರಿಂಗ್ ಉರುಳುವ ಬದಲು ಜಾರುತ್ತದೆ, ತಿರುಚುತ್ತದೆ. ಎಣ್ಣೆಯ ತೆಳು ಪೊರೆ ಬೇಕಾಗಿರೋದು ಲೋಹದ ನುಣುಪು ಮುಖಕ್ಕೆ ಮಾತ್ರ. ಒತ್ತಿ ಕೂರಿಸಿದ ಮೇಲೆ ನಾಲ್ಕು ಕಡೆ ಎತ್ತರ ಅಳೆದು ಒಂದೇ ಸಮ ಇದೆಯಾ ನೋಡಬೇಕು. ಗಣಿ ಮತ್ತೆ ಶುರುವಾಗುವ ಆ ದಿನಗಳಲ್ಲಿ ರಾತ್ರಿ ಪಾಳಿಯಲ್ಲೂ ಹಬ್ ಕಟ್ಟುತ್ತಿದ್ದೆವು. ಅಳತೆಯ ಕಾಗದ ಹುಡುಕಿದೆ. ಹನ್ನೊಂದರ ಬಲ ಹಬ್‌ಗೆ ನಾಲ್ಕು ಅಂಕಿ ಇದ್ದವು. ಎಡ ಹಬ್‌ನ ಜಾಗ ಖಾಲಿ. ಕೆಳಗೆ ಸಹಿ ನನ್ನದು.

ಈ ಸಲ ಸೀಲ್ ಹಾಕುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಕೈ ತೊಳೆದು, ರಿಂಗನ್ನು ಒಣಬಟ್ಟೆಯಲ್ಲಿ ಒರೆಸಿ, ಎತ್ತರವನ್ನು ಫೋರ್‌ಮನ್ ಒಮ್ಮೆ, ಹುಡುಗ ಒಮ್ಮೆ ಅಳೆದರು. ಮೂರೂ ಪ್ಲಾನೆಟ್ ಬೇರಿಂಗ್ ಬದಲಿಸಿದೆವು. ಬ್ರೇಕ್ ಡಿಸ್ಕ್‌ಗಳು ಚೆನ್ನಾಗಿದ್ದವು. ಗಾಡಿ ನಿಂತಾಗ ಒತ್ತಡ ಇಳಿದು ಹಬ್‌ನ ಕೊಳೆ ಬ್ರೇಕ್ ಕಡೆಗೂ ಬಂದಿರಬಹುದು ಅಂತ ಹೈಡ್ರಾಲಿಕ್ ಟ್ಯಾಂಕಿನ ಸ್ಯಾಂಪಲ್ ಕೂಡ ಕಳಿಸಿದೆವು. ಕಣಗಳ ಎಣಿಕೆ 21/19/16 ಬಂತು. ಮೂರು ಗಾತ್ರದ ಕಣಗಳಿಗೆ ಒಂದೊಂದು ಅಂಕಿ. ಈ ಐಎಸ್‌ಒ ಅಂಕಿಗಳಲ್ಲಿ ಒಂದು ಮೆಟ್ಟಿಲು ಏರಿದರೆ ಕಣಗಳು ಎರಡು ಪಟ್ಟು. ನಮಗೆ ಬೇಕಿದ್ದದ್ದು 18/16/13, ಅಂದರೆ ಇದ್ದದ್ದು ಎಂಟು ಪಟ್ಟು ಜಾಸ್ತಿ. ಫಿಲ್ಟರ್ ಗಾಡಿ ಹಚ್ಚಿ ಎರಡು ದಿನ ಸೋಸಿ ಇಳಿಸಿದೆವು.

ಫಾರ್ಮ್ ಬದಲಿಸಿದ್ದು ಆಮೇಲೆ. ಈಗ ಅದು ಕನ್ನಡದಲ್ಲಿದೆ. ಗ್ರೇಡ್ ಅಂಕಿಯಲ್ಲಿ ಬರೆಯದಿದ್ದರೆ ಬಾಟಲಿ ಹೊರಡುವುದಿಲ್ಲ. ಕೊನೆಯಲ್ಲಿ ಎರಡು ಖಾಲಿ ಗೆರೆ, ಮೇಲೆ "ಪ್ಲಗ್ ತೆಗೆದಾಗ ಏನು ಕಂಡಿತು?" ಅಂತ. ಬಾಟಲಿ ಅವತ್ತಿನ ಬಸ್ಸಿಗೇ ಹೋಗುತ್ತದೆ, ಒಂದೇ ಇದ್ದರೂ. ಹಬ್‌ಗಳಿಗೆ ಪಿಕ್ಯೂ ಖಾಯಂ. ರಿಪೋರ್ಟ್ ಬಂದಾಗ ಲ್ಯೂಬ್ ವ್ಯಾನ್‌ನ ರಿಜಿಸ್ಟರನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದುತ್ತೇವೆ. ಆ ಓದಿಗೆ ಹುಡುಗನೂ ಕೂರುತ್ತಾನೆ.

ಹನ್ನೊಂದನೇ ಡಂಪರ್‌ನ ಎಡ ಹಬ್ 250 ಗಂಟೆಯ ನಂತರ ಕಬ್ಬಿಣ 26, ವಿಸ್ಕಾಸಿಟಿ 18.9 ತೋರಿಸಿತು. ಅದೇ ದಿನಗಳಲ್ಲಿ ಅದೇ ಗಡಿಬಿಡಿಯಲ್ಲಿ ಕಟ್ಟಿದ ಇನ್ನೂ ಆರು ಹಬ್‌ಗಳಿದ್ದವು. ಒಂದೊಂದರ ಅಳತೆಯ ಕಾಗದ ತೆಗೆದು, ಒಂದೊಂದಕ್ಕೂ ಸ್ಯಾಂಪಲ್ ಕಳಿಸಿದೆವು. ಐದು ಸರಿಯಾಗಿದ್ದವು. ಹದಿನಾಲ್ಕನೇ ಡಂಪರ್‌ನ ಬಲ ಹಬ್‌ನಲ್ಲಿ ಕಬ್ಬಿಣ 52, ಪಿಕ್ಯೂ 20, ಯಾವ ಲ್ಯಾಬೂ ಕೆಂಪು ಗೆರೆ ಹಾಕದಂಥ ಅಂಕಿಗಳು. ವಿಸ್ಕಾಸಿಟಿ 17.3. ಫಾರ್ಮ್‌ನ ಕೊನೆಯ ಗೆರೆಯಲ್ಲಿ ಹುಡುಗ ಬರೆದಿದ್ದ: "ಒಂದು ಲೋಟದಷ್ಟು ಹರಿಯಿತು." ಸೀಲ್ ಸ್ಟೋರ್‌ನಲ್ಲಿತ್ತು. ಆ ಭಾನುವಾರವೇ ಬಿಚ್ಚಿದೆವು. ಬೇರಿಂಗ್‌ಗಳಿಗೆ ಇನ್ನೂ ಏನೂ ಆಗಿರಲಿಲ್ಲ.